ಚರ್ಚಿಗೆ ಹೋಗಿ ಬಂದ್ರೂ ಒಳಗೆ ಖಾಲಿ ಖಾಲಿ: ಓದುಗರ ಪ್ರಶ್ನೆ, ಅಕ್ಕನ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕರ್ಧ ಆರಾಧನೆ ಬಗ್ಗೆನೇ ಇದಾವೆ. ಅದಕ್ಕೆ ಮನೆ-ಮದುವೆ-ಆಸ್ತಿ ಪ್ರಶ್ನೆಗಳನ್ನೆಲ್ಲಾ ಮುಂದಿನ ಸಂಚಿಕೆಗೆ ಎತ್ತಿಟ್ಟು ಇವನ್ನೇ ತಗೊಂಡಿದೀನಿ. ಕ್ಯಾಥೋಲಿಕರು ಬರೆದಿದಾರೆ, ಸಿಎಸ್‌ಐನವರು (ಚರ್ಚ್ ಆಫ್ ಸೌತ್ ಇಂಡಿಯಾ ಸಭೆಯವರು) ಬರೆದಿದಾರೆ, ಒಬ್ಬ ಹಿಂದೂ ಹೆಣ್ಣುಮಗಳೂ ಬರೆದಿದಾಳೆ. ನಾನೇನು ದೇವಶಾಸ್ತ್ರ ಓದಿದವಳಲ್ಲ, ಸಿಎಸ್‌ಐ ಸಭೆಯ ಕಾಯರ್‌ನಲ್ಲಿ ಹಿಂದಿನ ಸಾಲಲ್ಲಿ ನಿಂತು ಹಾಡ್ತಾ ಹಾಡ್ತಾ ವಯಸ್ಸಾದವಳು. ಆ ಲೆಕ್ಕದಲ್ಲೇ ಓದ್ಕೊಳ್ಳಿ.

ಪ್ರಶ್ನೆ: ಅಕ್ಕಾ, ನಾನು ಹುಟ್ಟಿದಾಗಿಂದ ಸಿಎಸ್‌ಐ ಸಭೆಯವಳು, ಭಾನುವಾರ ತಪ್ಪಿಸೋದೇ ಇಲ್ಲ. ಆದ್ರೆ ಹೋದ ವರ್ಷ ಅಪ್ಪ ತೀರಿಕೊಂಡ ಮೇಲೆ ಆರಾಧನೆಯಲ್ಲಿ ಕೂತ್ರೆ ಏನೂ ಅನ್ಸಲ್ಲ, ಬಾಯಿ ಪಾಡಿಗೆ ಬಾಯಿ ಹೇಳ್ತಾ ಹೋಗುತ್ತೆ. ಎಲ್ಲರೂ ಎದ್ದು ಸಂತೋಷದ ಹಾಡು ಹಾಡುವಾಗ ಹೊರಗೆ ಓಡಿಹೋಗ್ಬೇಕು ಅನ್ಸುತ್ತೆ. ಪಕ್ಕದ ಮನೆಯವರು ಹೋಗೋ ಹೊಸ ಸಭೆಯಲ್ಲಿ ಜನ ಕೈ ಎತ್ತಿ ಹಾಡ್ತಾರಂತೆ, ಅಳ್ತಾರಂತೆ, ಮನಸ್ಸು ಹಗುರ ಆಗುತ್ತಂತೆ. ಅಲ್ಲಿಗೆ ಹೋಗ್ಲಾ? (ದಾವಣಗೆರೆ)

ಉತ್ತರ: ತಂಗೀ, ಅಪ್ಪ ಹೋಗಿ ಒಂದು ವರ್ಷ ಅಂದ್ರೆ ಏನೂ ಅಲ್ಲ. ನಿನ್ನ ವಿಶ್ವಾಸ ಒಣಗಿಹೋಯ್ತು ಅಂತ ನಿನಗೆ ಅನ್ಸಿದೆ, ಆದ್ರೆ ನಿನ್ನ ಪತ್ರ ಓದಿದ್ರೆ ನನಗೆ ಕಾಣೋದು ದುಃಖ ಅಷ್ಟೆ.

ನಮ್ಮ ಸಭೆಗಳಲ್ಲಿ ಒಂದು ಅಭ್ಯಾಸ ಇದೆ, ಬಾಗಿಲಲ್ಲೇ ಮುಖ ಸರಿಮಾಡ್ಕೊಂಡು ಒಳಗೆ ಬರೋದು. ಹೇಗಿದೀರಿ ಅಂದ್ರೆ "ದೇವರ ಕೃಪೆಯಿಂದ ಚೆನ್ನಾಗಿದೀವಿ". ಆಸ್ಪತ್ರೆ ಬಿಲ್ಲು ಬ್ಯಾಗಲ್ಲಿದ್ರೂ ಚೆನ್ನಾಗಿದೀವಿ, ಮಗನಿಗೆ ಕೆಲಸ ಹೋಗಿದ್ರೂ ಚೆನ್ನಾಗಿದೀವಿ. ಇದನ್ನ ಸತ್ಯವೇದ (ಬೈಬಲ್) ನಮಗೆ ಕಲಿಸಿದ್ದಲ್ಲ. ಕೀರ್ತನೆಗಳ ಪುಸ್ತಕ ತೆಗೆದು ನೋಡು, 150ರಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಗೋಳಾಟನೇ. 13ನೇ ಕೀರ್ತನೆ ಶುರುವಾಗೋದೇ "ಇನ್ನೂ ಎಷ್ಟು ದಿನ ನನ್ನನ್ನ ಮರೆತಿರ್ತೀಯ" ಅನ್ನೋ ಅರ್ಥದಲ್ಲಿ, ಅದೂ ದೇವರನ್ನೇ ನೇರವಾಗಿ ಕೇಳೋದು. 88ನೇದಂತೂ ಇನ್ನೂ ಕಷ್ಟ, ಬೇರೆ ಗೋಳಿನ ಕೀರ್ತನೆಗಳು ಕೊನೆಗೆ ಹೇಗೋ ಸ್ತುತಿಗೆ ತಿರುಗ್ತಾವೆ, ಇದು ತಿರುಗೋದೇ ಇಲ್ಲ, ಕತ್ತಲಲ್ಲೇ ನಿಂತುಬಿಡುತ್ತೆ. ಯಾರೋ ಇದನ್ನ ಬರೆದ್ರು, ಯೆಹೂದ್ಯರು ಇದನ್ನ ಕಿತ್ತುಹಾಕದೆ ದೇವಾಲಯದ ಹಾಡುಗಳ ಜೊತೆಗೇ ಇಟ್ಕೊಂಡ್ರು, ಸಭೆ ಅದನ್ನ ಎರಡು ಸಾವಿರ ವರ್ಷದಿಂದ ಓದ್ತಾ ಬಂದಿದೆ. ಯೇಸುಸ್ವಾಮಿ ಶಿಲುಬೆ ಮೇಲೆ ಕೂಗಿದ್ದೂ 22ನೇ ಕೀರ್ತನೆಯ ಮೊದಲ ಸಾಲನ್ನೇ, ನನ್ನ ದೇವರೇ ಯಾಕೆ ಕೈಬಿಟ್ಟೆ ಅಂತ. ಆದ್ರಿಂದ ಎಲ್ಲರೂ ಸಂತೋಷದ ಹಾಡು ಹಾಡುವಾಗ ನೀನು ಹಾಡಿನ ಪುಸ್ತಕ ಮುಚ್ಚಿಟ್ಟು 88ನೇ ಕೀರ್ತನೆ ತೆಗೆದು ಮನಸ್ಸಲ್ಲೇ ಓದ್ಕೊಂಡ್ರೆ ಅದೂ ಆರಾಧನೆನೇ, ಯಾರಿಗೂ ಹೇಳ್ಬೇಕಾಗಿಲ್ಲ.

ಇನ್ನೊಂದು, ಬಾಯಿ ಪಾಡಿಗೆ ಬಾಯಿ ಹೇಳುತ್ತೆ ಅಂತ ಬರೆದಿದೀಯಲ್ಲ, ಅದನ್ನ ಅಷ್ಟು ಹಗುರ ಮಾಡ್ಬೇಡ. ಪಾಪ ಅರಿಕೆ, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ ಇವೆಲ್ಲಾ ಪ್ರತಿ ವಾರ ಅದದೇ ಮಾತಲ್ಲಿ ಇರೋದ್ರಿಂದ ಒಂದು ಉಪಕಾರ ಇದೆ, ನಿನ್ನ ಹತ್ರ ಸ್ವಂತ ಮಾತೇ ಇಲ್ಲದ ದಿನ ಅವು ಇರ್ತಾವೆ. "ನಂಬುತ್ತೇನೆ" ಅಂತ ಹೇಳೋಕೆ ನಿನಗೆ ಈ ವಾರ ಆಗ್ಲಿಲ್ವಾ, ಸುಮ್ಮನೆ ನಿಂತ್ಕೋ, ಅಕ್ಕಪಕ್ಕದೋರು ನಿನ್ನ ಪಾಲಿಂದೂ ಹೇಳ್ತಾರೆ. ಮುಂದೊಂದು ದಿನ ಅವರಿಗೆ ಆಗದೇ ಇದ್ದಾಗ ನೀನು ಹೇಳ್ತೀಯ. ಸಭೆ ಅಂತ ಒಂದು ಇರೋದೇ ಇದಕ್ಕೆ, ಇಲ್ಲಾಂದ್ರೆ ಮನೆಯಲ್ಲೇ ಕೂತು ಪ್ರಾರ್ಥನೆ ಮಾಡ್ಬಹುದಿತ್ತಲ್ವಾ.

ಪ್ರವಾದಿ ಎಲೀಯನ ಕಥೆ ಗೊತ್ತಲ್ಲ, ಒಂದನೇ ಅರಸುಗಳು 19ನೇ ಅಧ್ಯಾಯ. ರಾಣಿ ಈಜೆಬೆಲಳಿಗೆ ಹೆದರಿ ಕಾಡಿಗೆ ಓಡಿ ಒಂದು ಗಿಡದ ಕೆಳಗೆ ಬಿದ್ಕೊಂಡು ಸಾಕಪ್ಪಾ, ನನ್ನ ಪ್ರಾಣ ತಗೋ ಅಂತಾನೆ. ದೇವದೂತ ಬಂದು ಪ್ರಸಂಗ ಮಾಡಲ್ಲ, ನಿನ್ನ ವಿಶ್ವಾಸ ಎಲ್ಲೋಯ್ತು ಅಂತ ಗದರಿಸಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು, ಎದ್ದು ತಿನ್ನು ಅಂತಾನೆ ಅಷ್ಟೆ. ಎಲೀಯ ತಿಂದು ಮತ್ತೆ ಮಲಗ್ತಾನೆ. ದೂತ ಬೈಯೋದಿಲ್ಲ, ಎರಡನೇ ಸಲವೂ ಬಂದು ಎಬ್ಬಿಸಿ, ದಾರಿ ದೂರ ಇದೆ ತಿನ್ನು ಅಂತಾನೆ. ನನಗೆ ಪವಿತ್ರ ಭೋಜನದ, ಅಂದ್ರೆ ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ ದ್ರಾಕ್ಷಾರಸ ಕೊಡೋ, ಭಾನುವಾರ ಯಾವಾಗ್ಲೂ ಈ ಕಥೆನೇ ನೆನಪಾಗೋದು. ಬಲಿಪೀಠದ ಮುಂದೆ ಸಾಲಾಗಿ ಮೊಣಕಾಲೂರಿ, ಎಡಗೈ ಮೇಲೆ ಬಲಗೈ ಇಟ್ಟು ಅಂಗೈ ಚಾಚಿದಾಗ ಅಯ್ಯನವರು (ಪಾದ್ರಿ) ಇಡೋ ಆ ರೊಟ್ಟಿ ಬಿಲ್ಲೆಗೆ ತೂಕ ಅನ್ನೋದೇ ಇರಲ್ಲ, ನಾಲಿಗೆಗೆ ಇಟ್ರೆ ಅಂಗುಳಿಗೆ ಅಂಟ್ಕೊಳ್ಳುತ್ತೆ, ರುಚಿ ಅಂತೂ ಕಾಗದದ್ದು. ಪಕ್ಕದಲ್ಲಿ ಯಾರದೋ ಮಲ್ಲಿಗೆ ಹೂವಿನ ವಾಸನೆ, ಇನ್ನೊಂದು ಪಕ್ಕ ಮೊಣಕಾಲು ನೋವಿಗೆ ಹಚ್ಚಿದ ಮುಲಾಮಿನ ವಾಸನೆ. ಅಲ್ಲಿ ನಿನಗೆ ಏನನ್ನಿಸ್ತು ಅಂತ ಯಾರೂ ಕೇಳಲ್ಲ. ಕೈ ಚಾಚಿದ್ರೆ ಸಾಕು, ಕೊಡ್ತಾರೆ. ಅನುಭವ ಬರ್ಲಿ ಬಿಡ್ಲಿ, ತಿಂದಿದ್ದು ತಿಂದಂಗೆ.

ಹೊಸ ಸಭೆ ವಿಷಯ. ಹೋಗಿ ನೋಡು, ಪಾಪ ಏನಿಲ್ಲ. ಅಳೋಕೆ ಜಾಗ ಕೊಡೋ ಸಭೆ ಅಂದ್ರೆ ದೊಡ್ಡದೇ, ನಮ್ಮ ಹಳೇ ಸಭೆಗಳಲ್ಲಿ ಅದಕ್ಕೆ ಬರ ಅನ್ನೋದನ್ನೂ ಒಪ್ಪಬೇಕು. ಆದ್ರೆ ಎರಡು ಮೂರು ವಾರ ಹೋದ ಮೇಲೆ ಕೆಲವನ್ನ ಗಮನಿಸು. ಅತ್ತ ಮೇಲೆ ಮುಂದಿನ ವಾರವೂ ಅಳ್ಬಹುದಾ, ಇಲ್ಲಾ ಇಷ್ಟೊತ್ತಿಗೆ ಜಯ ಸಿಕ್ಕಿರ್ಬೇಕಿತ್ತು ಅಂತಾರಾ? ನಿಮ್ಮಪ್ಪ ಹೋಗಿದ್ದು ಪ್ರಾರ್ಥನೆ ಸಾಲದೇ ಅಂತ ಯಾರಾದ್ರೂ ಬಾಯಿಬಿಟ್ರೆ, ಬಿಪಿ ಮಾತ್ರೆ ನಿಲ್ಲಿಸು ಅಂದ್ರೆ, ಚಪ್ಪಲಿ ಹಾಕ್ಕೊಂಡು ಬಂದುಬಿಡು, ತಿರುಗಿ ನೋಡ್ಬೇಡ. ಅಂಥದ್ದೇನೂ ಇಲ್ಲದಿದ್ರೆ ಅಲ್ಲೂ ಇರು, ಇಲ್ಲೂ ಇರು. ನಿಮ್ಮ ಅಯ್ಯನವರಿಗೆ ಹೇಳಿ ಸಾಮಾನ್ಯ ಪ್ರಾರ್ಥನೆಯಲ್ಲಿ ಅಪ್ಪನ ಹೆಸರು ಓದಿಸು. ನವೆಂಬರ್ 2ಕ್ಕೆ, ತೀರಿಹೋದವರನ್ನ ನೆನೆಯೋ ದಿನ, ಸಮಾಧಿ ಹತ್ರ ಹೋಗಿ ಮೇಣದಬತ್ತಿ ಹಚ್ಚಿ ಬಾ, ಆ ದಿನ ಅಲ್ಲಿ ಅತ್ರೆ ಯಾರಿಗೂ ವಿಚಿತ್ರ ಅನ್ಸಲ್ಲ. ಇಷ್ಟಾಗಿಯೂ ಊಟ ನಿದ್ದೆ ಸರಿಹೋಗದೇ ಇದ್ರೆ ಡಾಕ್ಟರ್ ಹತ್ರ ಹೋಗು, ಅದನ್ನ ಆರಾಧನೆಗೆ ಬಿಡ್ಬೇಡ.

ಪ್ರಶ್ನೆ: ಪ್ರಸಂಗ ಶುರುವಾದ ಹತ್ತೇ ನಿಮಿಷಕ್ಕೆ ನಮ್ಮ ಯಜಮಾನ್ರಿಗೆ ನಿದ್ದೆ, ಗೊರಕೆ ಬೇರೆ. ಮಾನ ಹೋಗುತ್ತೆ. (ಕೋಲಾರ)

ಉತ್ತರ: ಅಪೊಸ್ತಲರ ಕೃತ್ಯಗಳು 20ನೇ ಅಧ್ಯಾಯ ಓದಿಸಿ. ತ್ರೋವ ಅನ್ನೋ ಊರಲ್ಲಿ ಸಾಕ್ಷಾತ್ ಅಪೊಸ್ತಲ ಪೌಲನೇ ಮಧ್ಯರಾತ್ರಿ ತನಕ ಪ್ರಸಂಗ ಎಳೆದಾಗ ಯೂತಿಖ ಅನ್ನೋ ಹುಡುಗ ಕಿಟಕಿಯಲ್ಲಿ ಕೂತಲ್ಲೇ ತೂಕಡಿಸಿ ಮೂರನೇ ಅಂತಸ್ತಿಂದ ಕೆಳಗೆ ಬಿದ್ದ. ಪೌಲ ಇಳಿದು ಬಂದು ತಬ್ಬಿಕೊಂಡ, ಹುಡುಗ ಬದುಕಿದ, ಆಮೇಲೆ ಮೇಲೆ ಹೋಗಿ ರೊಟ್ಟಿ ಮುರಿದು ತಿಂದು ಮತ್ತೆ ಬೆಳಗಾಗೋ ತನಕ ಮಾತಾಡ್ದ! ಪ್ರಸಂಗ ಮಾಡೋರು ಆ ಕಾಲದಿಂದಲೂ ಪಾಠ ಕಲ್ತಿಲ್ಲ. ಗೊರಕೆಗೆ ಮೊಣಕೈ ಇದೆ. ಸದ್ಯ ಕಿಟಕಿ ಪಕ್ಕ ಕೂರಿಸ್ಬೇಡಿ.

ಪ್ರಶ್ನೆ: ನಾನು ಬೆಂಗಳೂರಲ್ಲಿ ಸ್ಟಾಫ್ ನರ್ಸ್, ಊರು ಹಾಸನ ಕಡೆ, ಕ್ಯಾಥೋಲಿಕ್. ಭಾನುವಾರನೇ ಡ್ಯೂಟಿ ಬೀಳುತ್ತೆ, ನೈಟ್ ಮುಗಿಸಿ ಬಂದ್ರೆ ಕಣ್ಣು ಬಿಡೋಕಾಗಲ್ಲ. ಮೊಬೈಲಲ್ಲಿ ಪೂಜೆ ನೋಡ್ತೀನಿ, ಅಮ್ಮ ಫೋನಲ್ಲಿ ಅದು ಲೆಕ್ಕಕ್ಕಿಲ್ಲ ಅಂತಾರೆ. ನನಗೂ ಅದರಲ್ಲಿ ಏನೋ ಕಮ್ಮಿ ಅನ್ಸುತ್ತೆ.

ಉತ್ತರ: ಅಮ್ಮ ಹೇಳೋದು ಅರ್ಧ ಸರಿ ಮಗಳೇ. ನಿಮ್ಮ ಸಭೆಯ ನಿಯಮದ ಪ್ರಕಾರ ಪರದೆ ಮೇಲೆ ನೋಡೋದು ಬಲಿಪೂಜೆಯಲ್ಲಿ ಭಾಗವಹಿಸಿದ ಹಾಗಾಗಲ್ಲ. ಆದ್ರೆ ರೋಗಿಗಳ ಆರೈಕೆಯಲ್ಲಿ ಇರೋರಿಗೆ ಭಾನುವಾರದ ಕಡ್ಡಾಯದಿಂದ ವಿನಾಯಿತಿ ಇದೆ, ಅದನ್ನೂ ನಿಮ್ಮ ಸಭೆಯೇ ಹೇಳುತ್ತೆ, ಅಮ್ಮನಿಗೆ ತಿಳಿಸು. ಇನ್ನೊಂದು, ಶನಿವಾರ ಸಾಯಂಕಾಲದ ಪೂಜೆ ಭಾನುವಾರಕ್ಕೆ ಸಲ್ಲುತ್ತೆ. ಬೆಂಗಳೂರಿನ ಎಷ್ಟೋ ಚರ್ಚ್‌ಗಳಲ್ಲಿ ಅದು ಇದೆ, ಡ್ಯೂಟಿಗೆ ಹೋಗೋ ದಾರಿಯಲ್ಲಿ ಯಾವುದು ಬೀಳುತ್ತೆ ನೋಡ್ಕೋ. ವಾರದ ಮಧ್ಯೆ ಆಫ್ ಇದ್ದಾಗ ಬೆಳಗ್ಗೆ ಪೂಜೆಗೂ ಹೋಗ್ಬಹುದು, ಅಲ್ಲಿ ಹತ್ತಿಪ್ಪತ್ತು ಜನ ಇರ್ತಾರೆ, ಮೈಕ್ ಇಲ್ಲ, ಅರ್ಧ ಗಂಟೆಗೆ ಮುಗಿಯುತ್ತೆ. ನನಗೆ ಕೇಳಿದ್ರೆ ಭಾನುವಾರದ ಗದ್ದಲಕ್ಕಿಂತ ಅದೇ ಚೆನ್ನ.

ಕಮ್ಮಿ ಅನ್ಸೋದು ಸರಿಯಾಗೇ ಅನ್ಸಿದೆ. 2020ರಲ್ಲಿ ಎಲ್ಲಾ ಚರ್ಚ್ ಮುಚ್ಚಿದ್ವಲ್ಲ, ಮಾರ್ಚ್ 27ಕ್ಕೆ ಪೋಪ್ ಫ್ರಾನ್ಸಿಸ್ ಮಳೆಯಲ್ಲಿ ಖಾಲಿ ಸಂತ ಪೇತ್ರರ ಚೌಕದಲ್ಲಿ ಒಬ್ಬರೇ ನಿಂತು ಪ್ರಾರ್ಥಿಸಿದ್ದನ್ನ ಲೋಕವೆಲ್ಲಾ ಟಿವಿಯಲ್ಲಿ ನೋಡ್ತು. ಆ ವರ್ಷ ಈಸ್ಟರ್ ಕೂಡ ಮನೆಯಲ್ಲೇ ಆಯ್ತು. ನಾವು ಸಿಎಸ್‌ಐನವರೂ ಸೋಫಾ ಮೇಲೆ ಕೂತು ಆರಾಧನೆ ಮಾಡಿದ್ವಿ, ಎರಡನೇ ವಾರಕ್ಕೆ ಸೋಫಾ ಜೊತೆ ಟೀ ಲೋಟ ಬಂತು, ಮೂರನೇ ವಾರ ಅವರೆಕಾಳು ಸುಲಿಯೋದು ಬಂತು. ನೋಡೋರು ಆಗಿಬಿಟ್ವಿ ಅಷ್ಟೆ. ಅದಕ್ಕೆ ಮೊಬೈಲೇ ಗತಿ ಅನ್ನೋ ದಿನ ಒಂದು ಕೆಲಸ ಮಾಡು, ಫೋನನ್ನ ಕೈಯಲ್ಲಿ ಹಿಡೀಬೇಡ, ಎಲ್ಲಾದ್ರೂ ಒರಗಿಸಿಟ್ಟು ನಿಲ್ಲುವಾಗ ನಿಲ್ಲು, ಕೂರುವಾಗ ಕೂರು, ಉತ್ತರ ಹೇಳುವಾಗ ಹಾಸ್ಟೆಲ್ ರೂಮಲ್ಲೇ ಆದ್ರೂ ಬಾಯಿಬಿಟ್ಟು ಹೇಳು. ಅದಕ್ಕೂ ತ್ರಾಣ ಇಲ್ವಾ, ಮಲಗು.

ನೈಟ್ ಡ್ಯೂಟಿಯವರಿಗೇ ಹೇಳಿ ಮಾಡಿಸಿದ ಒಂದು ಕೀರ್ತನೆ ಇದೆ ಗೊತ್ತಾ, 134ನೇದು. ಮೂರೇ ವಚನ. ರಾತ್ರಿ ಹೊತ್ತು ದೇವಾಲಯದಲ್ಲಿ ನಿಂತು ಸೇವೆ ಮಾಡೋರನ್ನ ಕರೆದು, ಕೈ ಎತ್ತಿ ದೇವರನ್ನ ಸ್ತುತಿಸಿ ಅನ್ನುತ್ತೆ. ರಾತ್ರಿ ಮೂರು ಗಂಟೆಗೆ ಡ್ರಿಪ್ ಬದಲಾಯಿಸಿ ಸ್ಟೇಷನ್ನಿಗೆ ಬಂದು ಕೂತಾಗ ಹೇಳ್ಕೋ, ಒಂದು ನಿಮಿಷವೂ ಬೇಕಾಗಲ್ಲ.

ಪ್ರಶ್ನೆ: ಮೇಡಂ, ನಾನು ಹಿಂದೂ. ಗುರುವಾರ ಆಫೀಸ್ ಮುಗಿಸ್ಕೊಂಡು ವಿವೇಕನಗರದ ಬಾಲಯೇಸು ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚಿ ಬರ್ತೀನಿ, ತುಂಬಾ ನೆಮ್ಮದಿ ಸಿಗುತ್ತೆ. ಪೂಜೆಯಲ್ಲಿ ಎಲ್ಲರೂ ಸಾಲಲ್ಲಿ ಹೋಗಿ ಪ್ರಸಾದ ತಗೋತಾರಲ್ಲ, ನಾನೂ ತಗೋಬಹುದಾ? ಅತ್ತೆಗೆ ಇನ್ನೂ ಹೇಳಿಲ್ಲ.

ಉತ್ತರ: ಪ್ರಸಾದದ ಸಾಲಿಗೆ ಹೋಗ್ಬೇಡಿ. ನಿಮ್ಮನ್ನ ದೂರ ಇಡೋಕೆ ಅಂತ ಹೇಳ್ತಿಲ್ಲ. ಅದು ದೇವಸ್ಥಾನದಲ್ಲಿ ಎಲ್ಲರಿಗೂ ಹಂಚೋ ಪ್ರಸಾದದ ಥರ ಅಲ್ಲ, ದೀಕ್ಷಾಸ್ನಾನ ಆಗಿ, ಅದು ಕ್ರಿಸ್ತನ ಶರೀರ ಅಂತ ನಂಬಿ "ಆಮೆನ್" ಹೇಳೋರಿಗೆ ಮಾತ್ರ ಕೊಡೋದು. ಸಿಎಸ್‌ಐನವಳಾದ ನನಗೂ ಕ್ಯಾಥೋಲಿಕ್ ಪೂಜೆಯಲ್ಲಿ ಅದು ಸಿಗಲ್ಲ, ನಾನೂ ಬೆಂಚಲ್ಲೇ ಕೂತಿರ್ತೀನಿ. ಪೂಜೆ ಮುಗಿದ ಮೇಲೆ ಫಾದರ್ ಹತ್ರ ಹೋಗಿ ಆಶೀರ್ವಾದ ಕೇಳಿ, ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸ್ತಾರೆ, ನಿಮ್ಮ ಧರ್ಮ ಯಾವುದು ಅಂತ ಕೇಳೋರು ಕಮ್ಮಿ.

ಹಾಗಂತ ನೀವು ಅಲ್ಲಿ ಹೊರಗಿನವರೇನಲ್ಲ. ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಲ್ಲಿ ಆಗಸ್ಟ್ 29ಕ್ಕೆ ಬಾವುಟ ಏರಿಸಿ ಸೆಪ್ಟೆಂಬರ್ 8ರ ಹಬ್ಬದ ತನಕ ನೊವೆನಾ (ಒಂಬತ್ತು ದಿನದ ಪ್ರಾರ್ಥನೆ) ನಡೆಯುತ್ತಲ್ಲ, ಆಗ ಕಾವಿ ಬಣ್ಣದ ಸೀರೆ ಉಟ್ಟು ಹರಕೆ ಹೊತ್ತು ಬರೋ ಹೆಂಗಸರಲ್ಲಿ ಯಾರು ಕ್ರೈಸ್ತರು ಯಾರು ಅಲ್ಲ ಅಂತ ನಿಂತು ನೋಡಿದ್ರೂ ಗೊತ್ತಾಗಲ್ಲ. ಕಾರ್ಕಳ ಹತ್ರ ಅತ್ತೂರಿನ ಸಂತ ಲಾರೆನ್ಸರ ಜಾತ್ರೆಯಲ್ಲೂ ಹಾಗೇ, ಜನವರಿಯಲ್ಲಿ ಎಲ್ಲಾ ಜಾತಿ ಮತದವರು ಮೇಣದಬತ್ತಿ ಹಿಡ್ಕೊಂಡು ಬರ್ತಾರೆ. ಒಂದೇ ಸಲಹೆ, ಬತ್ತಿ ಹಚ್ಚಿದ ಕೂಡ್ಲೇ ಬಸ್ಸಿಗೆ ಓಡ್ಬೇಡಿ. ಒಳಗೆ ಬಂದು ಹಿಂದಿನ ಬೆಂಚಲ್ಲಿ ಕೂತು ಶುಭಸಂದೇಶ ಓದೋದನ್ನ ಪೂರ್ತಿ ಕೇಳಿ. ಹರಕೆಗೆ ಉತ್ತರ ಯಾವಾಗಲೋ ಬರುತ್ತೆ, ಕಥೆ ಅವತ್ತೇ ಮನೆಗೆ ಬರುತ್ತೆ.

ಅತ್ತೆಗೆ ಹೇಳಿ. ಕದ್ದು ಹೋದ್ರೆ ಬೇರೆಯವರ ಬಾಯಿಂದ ಗೊತ್ತಾಗಿ ಮತಾಂತರ ಅದು ಇದು ಅಂತ ಬೆಟ್ಟ ಆಗುತ್ತೆ. ಆಗೋದಾದ್ರೆ ಒಂದು ಗುರುವಾರ ಅವರನ್ನೂ ಕರ್ಕೊಂಡು ಹೋಗಿ.

ಪ್ರಶ್ನೆ: ನಮ್ಮ ಸಭೆಯಲ್ಲಿ ದೊಡ್ಡಪ್ಪನ ಮಗನ ಜೊತೆ ಜಾಗದ ವ್ಯಾಜ್ಯ, ಕೋರ್ಟಲ್ಲಿದೆ. ಅವರು ಕಮಿಟಿಯಲ್ಲಿ ಬೇರೆ ಇದ್ದಾರೆ, ಬೆಳೆ ಹಬ್ಬದ ಏಲಂನಲ್ಲಿ ಒಂದು ಕುಂಬಳಕಾಯಿಗೆ ಸಾವಿರಗಟ್ಟಲೆ ಕೂಗಿ ಚಪ್ಪಾಳೆ ತಗೋತಾರೆ. ಅಂಥವರ ಪಕ್ಕ ಕೂತು ಏನು ಆರಾಧನೆ ಮಾಡ್ಲಿ? (ಉಡುಪಿ ಜಿಲ್ಲೆ)

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತೆ. ಏಲಂ ಅಂದ್ರೆ ನನಗೆ ಇಷ್ಟನೇ. ಕೆಸುವಿನ ಎಲೆ, ಬಾಳೆಗೊನೆ, ಮುಳ್ಳುಸೌತೆ, ಜೀವ ಇರೋ ಕೋಳಿ ಎಲ್ಲಾ ತಂದು ಬಲಿಪೀಠದ ಮುಂದೆ ರಾಶಿ ಹಾಕಿ, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಕೂಗೋದು, ಒಬ್ಬರು ಕೊಂಡ ಮೊಟ್ಟೆಯನ್ನ ಮತ್ತೆ ಏಲಂಗೆ ವಾಪಸ್ ಕೊಡೋದು, ಮಕ್ಕಳ ನಗು. ಅದು ಒಣಜಂಬಕ್ಕೆ ತಿರುಗಿದ್ರೆ ಬೇಜಾರೇ.

ಆದ್ರೆ ಇದು ಇವತ್ತಿನ ರೋಗ ಅಲ್ಲ. ಕೊರಿಂಥದ ಸಭೆಯಲ್ಲಿ ಕರ್ತನ ಭೋಜನಕ್ಕೆ ಸೇರಿದಾಗ ಉಳ್ಳೋರು ಮೊದಲೇ ತಿಂದು ಕುಡಿದು ಅಮಲೇರಿ ಕೂತಿರೋರು, ಬಡವರು ಹಸ್ಕೊಂಡು ನೋಡ್ತಿರೋರು, ಪೌಲ ಒಂದನೇ ಪತ್ರದ 11ನೇ ಅಧ್ಯಾಯದಲ್ಲಿ ಅವರ ಚಳಿ ಬಿಡಿಸ್ತಾನೆ. ಪ್ರವಾದಿ ಆಮೋಸ ಇನ್ನೂ ಖಾರ, ನಿಮ್ಮ ಹಬ್ಬಗಳನ್ನ ಕಂಡ್ರೆ ನನಗಾಗಲ್ಲ, ನಿಮ್ಮ ಹಾಡಿನ ಗದ್ದಲ ನಿಲ್ಲಿಸಿ, ನ್ಯಾಯ ಹೊಳೆ ಥರ ಹರೀಲಿ ಅಂತ ದೇವರೇ ಹೇಳಿದ್ದಾಗಿ ಸಾರ್ತಾನೆ. ಈ ಮಾತನ್ನ ನಿಮ್ಮ ದೊಡ್ಡಪ್ಪನ ಮಗನಿಗೆ ಕಳಿಸೋ ಮುಂಚೆ ಮತ್ತಾಯ 5ನ್ನೂ ಓದಿ. ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಏನಾದ್ರೂ ಇದೆ ಅಂತ ನೆನಪಾದ್ರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಸರಿಮಾಡ್ಕೋ ಅಂತ ಇದೆ. ಅವನಿಗೆ ನಿನ್ನ ಮೇಲೆ ಇದ್ರೆ! ತಪ್ಪು ಯಾರದು ಅಂತ ಅಲ್ಲಿ ಲೆಕ್ಕ ಹಾಕಿಲ್ಲ.

ನಮ್ಮ ಸಿಎಸ್‌ಐ ಆರಾಧನೆಯಲ್ಲಿ ಇದಕ್ಕೆಂತಲೇ ಒಂದು ಘಳಿಗೆ ಇದೆ. 1947ರ ಸೆಪ್ಟೆಂಬರ್ 27ಕ್ಕೆ ಮದ್ರಾಸಲ್ಲಿ ಬೇರೆ ಬೇರೆ ಪಂಗಡಗಳು ಕೂಡಿ ಸಿಎಸ್‌ಐ ಆಯ್ತಲ್ಲ, ಆಮೇಲೆ 1950ರಲ್ಲಿ ಬಂದ ಪವಿತ್ರ ಭೋಜನದ ಕ್ರಮದಲ್ಲಿ ಸಮಾಧಾನವನ್ನ ಕೈಯಿಂದ ಕೈಗೆ ದಾಟಿಸೋ ಪದ್ಧತಿ ಸೇರಿಸಿದ್ರು, ಕೇರಳದ ಸುರಿಯಾನಿ ಸಭೆಗಳ ಹಳೇ ವಾಡಿಕೆಯಿಂದ ತಗೊಂಡಿದ್ದು. ಬಲ ಅಂಗೈಗೆ ಬಲ ಅಂಗೈ, ಅದರ ಮೇಲೆ ಎಡಗೈ. ನಿನ್ನೆ ಮೊನ್ನೆ ತನಕ ಬೇರೆ ಬೇರೆ ಬಲಿಪೀಠದಲ್ಲಿ ಇದ್ದೋರು ಹಾಗೆ ಕೈ ಹಿಡೀಬೇಕಾಗಿತ್ತು. ಈಗ ನಾವು ಅದನ್ನ ಅಕ್ಕಪಕ್ಕಕ್ಕೆ ತಲೆ ಅಲ್ಲಾಡಿಸಿ ನಮಸ್ಕಾರ ಮಾಡಿ ಮುಗಿಸಿಬಿಟ್ಟಿದೀವಿ.

ಕೋರ್ಟ್ ಕೇಸ್ ಕೈಬಿಡಿ ಅಂತ ನಾನು ಹೇಳಲ್ಲ, ಜಾಗ ನಿಮ್ಮದಾಗಿದ್ರೆ ಹೋರಾಡಿ, ವಕೀಲರಿಗೆ ಬಿಟ್ಟುಬಿಡಿ. ಆದ್ರೆ ಆ ಘಳಿಗೆಯಲ್ಲಿ ಎದ್ದು ಹೋಗಿ ಕೈ ಹಿಡೀರಿ. ಆಗ್ಲಿಲ್ವಾ, ಆ ವಾರ ಭೋಜನ ಬಿಟ್ಟು ಕೂತಿರಿ, ಅದೂ ಒಂದು ಪ್ರಾಮಾಣಿಕತೆ. ಅವರು ಕೈ ಚಾಚದೇ ಇದ್ರೆ ಅದು ಅವರ ತಲೆನೋವು.

ಪ್ರಶ್ನೆ: ಇಬ್ಬರು ಮಕ್ಕಳಿಗೂ ಕನ್ನಡ ಓದೋಕೆ ಬರಲ್ಲ. ಇಂಗ್ಲಿಷ್ ಆರಾಧನೆಗೆ ಹೋಗೋಣ ಅಂತಾರೆ, ನನಗೆ ಕನ್ನಡ ಬಿಟ್ರೆ ಪ್ರಾರ್ಥನೆ ಒಳಗೆ ಇಳಿಯಲ್ಲ. (ಬೆಂಗಳೂರು)

ಉತ್ತರ: ಈ ಪ್ರಶ್ನೆ ಅರ್ಧ ಬೆಂಗಳೂರಿನದು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಜರ್ಮನ್ ಮಾತಾಡೋ ಜನ, ಅವರೇ ಕೂತು ಕನ್ನಡ ಕಲಿತು ಕನ್ನಡದಲ್ಲಿ ಹಾಡು ಬರೆದ್ರು. ಕ್ಯಾಥೋಲಿಕರ ಪೂಜೆ ಲ್ಯಾಟಿನ್‌ನಲ್ಲಿತ್ತು, 1963ರ ಡಿಸೆಂಬರಲ್ಲಿ ವ್ಯಾಟಿಕನ್ ಮಹಾಸಭೆ ದಾರಿ ಬಿಟ್ಟ ಮೇಲೆ ಆಯಾ ಊರಿನ ಭಾಷೆಗೆ ಬಂತು. ಇಷ್ಟೆಲ್ಲಾ ಆದ ಮೇಲೆ ನಮ್ಮ ಮಕ್ಕಳು ಕನ್ನಡ ಹಾಡನ್ನ ಇಂಗ್ಲಿಷ್ ಅಕ್ಷರದಲ್ಲಿ ಪರದೆ ಮೇಲೆ ಓದ್ತಾರೆ. ಇರ್ಲಿ, ಬೈದು ಪ್ರಯೋಜನ ಇಲ್ಲ. ಎರಡು ವಾರ ಅವರದು, ಎರಡು ವಾರ ನಿಮ್ಮದು ಅಂತ ಮಾಡ್ಕೊಳ್ಳಿ. ರಾತ್ರಿ ಊಟಕ್ಕೆ ಮುಂಚೆ ಕರ್ತನ ಪ್ರಾರ್ಥನೆ ಮಾತ್ರ ಕನ್ನಡದಲ್ಲಿ, ಜೊತೆಗೆ ನಾಲ್ಕೈದು ಹಾಡು ಬಾಯಿಪಾಠ, ಅಷ್ಟು ಸಾಕು. ನಮ್ಮ ಬಂಧುಗಳಲ್ಲಿ ಒಬ್ಬ ಅಜ್ಜಿಗೆ ಮರೆವು ಬಂದು ಮಕ್ಕಳ ಹೆಸರೂ ಹೋಗಿತ್ತು, ಮೊಮ್ಮಗಳು ಪಕ್ಕ ಕೂತು ಹಳೇ ಸಂಜೆ ಹಾಡು ಎತ್ತಿಕೊಂಡ್ರೆ ಮೂರು ಚರಣ ತಪ್ಪಿಲ್ಲದೆ ಹಾಡ್ತಿದ್ರು. ಆ ಹುಡುಗಿಗೆ ಬರ್ತಿದ್ದಿದ್ದೂ ಆ ಒಂದೇ ಕನ್ನಡ ಹಾಡು.

ಪ್ರಶ್ನೆ: ನಮ್ಮ ಫೆಲೋಶಿಪ್‌ನಲ್ಲಿ ಡ್ರಮ್ಸ್, ಕೀಬೋರ್ಡ್, ಒಂದೂವರೆ ಗಂಟೆ ವರ್ಷಿಪ್. ಎಲ್ಲರೂ ಉತ್ಸಾಹದಲ್ಲಿ ಇರ್ತಾರೆ, ನನಗೆ ಸುಮ್ಮನೆ ಕೂರ್ಬೇಕು ಅನ್ಸುತ್ತೆ. ನನ್ನ ಭಕ್ತಿಯಲ್ಲೇ ಏನಾದ್ರೂ ಐಬಾ? (ಧಾರವಾಡ, ವಿದ್ಯಾರ್ಥಿ)

ಉತ್ತರ: ಐಬೇನಿಲ್ಲ ಮಾರಾಯ. ಒಬ್ಬೊಬ್ಬರ ಹಸಿವು ಒಂದೊಂದು ಥರ. ಫ್ರಾನ್ಸಿನ ತೇಜೇ ಅನ್ನೋ ಸಣ್ಣ ಹಳ್ಳಿಗೆ 1940ರಲ್ಲಿ ರೋಜರ್ ಅನ್ನೋ ಯುವಕ ಬಂದು ಶುರುಮಾಡಿದ ಒಂದು ಸಮುದಾಯ ಇದೆ, ಅಲ್ಲಿಗೆ ಪ್ರಪಂಚದ ಮೂಲೆ ಮೂಲೆಯಿಂದ ನಿನ್ನ ವಯಸ್ಸಿನೋರೇ ಹೋಗ್ತಾರೆ. ಒಂದೆರಡು ಸಾಲಿನ ಹಾಡನ್ನ ಮತ್ತೆ ಮತ್ತೆ ಹಾಡಿ ಆಮೇಲೆ ಎಲ್ಲರೂ ಒಟ್ಟಿಗೆ ಮೌನವಾಗಿ ಕೂರ್ತಾರೆ, ಪ್ರಸಂಗ ಅಂತ ಇರಲ್ಲ. ಇಂಗ್ಲೆಂಡಲ್ಲಿ ಹುಟ್ಟಿದ ಕ್ವೇಕರ್ ಪಂಗಡದವರಂತೂ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಮೌನವನ್ನೇ ಆರಾಧನೆ ಮಾಡ್ಕೊಂಡಿದಾರೆ. ಅಷ್ಟು ದೂರ ಯಾಕೆ, ಬೆಂಗಳೂರಲ್ಲಿರೋ ಕ್ಯಾಥೋಲಿಕರ ಬೈಬಲ್-ಆರಾಧನೆ ಕೇಂದ್ರ ಎನ್‌ಬಿಸಿಎಲ್‌ಸಿಯಲ್ಲಿ ಫಾದರ್ ಅಮಲೋರ್ಪವದಾಸ್ ಅವರ ಕಾಲದಿಂದ ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತು, ದೀಪ ಆರತಿ ಇಟ್ಟು ಮಾಡೋ ಪೂಜೆ ಬೆಳೀತು, 1969ರಲ್ಲಿ ರೋಮ್‌ನಿಂದ ಅದಕ್ಕೆಲ್ಲಾ ಒಪ್ಪಿಗೆಯೂ ಬಂತು. ಬೆಂಗಳೂರಿಗೆ ಬಂದಾಗ ಆ ಚಾಪೆಲ್ ನೋಡ್ಕೊಂಡು ಹೋಗು.

ಸದ್ಯಕ್ಕೆ ನಿಮ್ಮ ಲೀಡರ್ ಹತ್ರ ಮಾತಾಡಿ ವಾಕ್ಯ ಓದಿದ ಮೇಲೆ ಎರಡು ನಿಮಿಷ ಕೀಬೋರ್ಡ್ ಇಲ್ಲದ ಮೌನ ಕೇಳು. ಕೀಬೋರ್ಡ್ ಹುಡುಗ ಹಿನ್ನೆಲೆಯಲ್ಲಿ ಮೆಲ್ಲಗೆ ನುಡಿಸ್ತೀನಿ ಅಂತಾನೆ, ಬೇಡ ಅನ್ನು. ಒಪ್ಪಲಿಲ್ಲಾಂದ್ರೆ ಸೌಂಡ್ ಚೆಕ್ ಶುರುವಾಗೋಕೆ ಅರ್ಧ ಗಂಟೆ ಮುಂಚೆ ಹೋಗಿ ಕೂತ್ಕೋ, ಬಾಗಿಲು ತೆಗೆಯೋ ಅಣ್ಣನ ಫೋನ್ ನಂಬರ್ ಮಾತ್ರ ಇಟ್ಕೊಂಡಿರು.